ತಾಂಬಾದ ವೇದಿಕೆ, ದಸ್ತಗೀರಸಾಬನ ಹಗ್ಗ

ನಾನು ನಿಂತಿದ್ದದ್ದು ವೇದಿಕೆಯ ಬಲಗಡೆಯ ಏಣಿಯ ಬುಡದಲ್ಲಿ. ಬಲಗಡೆ ಎಂದರೆ ಜನರ ಕಡೆಗೆ ಮುಖ ಮಾಡಿ ನಿಂತವನ ಬಲಗಡೆ. ಊರು ಇಂಡಿ ತಾಲೂಕಿನ ತಾಂಬಾ. ಸ್ಥಳ ಊರ ಹೊರಗಿನ ಬಯಲಿನ ಪಡುವಣ ಅಂಚು. ಹೋಳಿ ಹುಣ್ಣಿಮೆ ಮುಗಿದ ಮೇಲಿನ ಮೊದಲ ಭಾನುವಾರ, ಮಧ್ಯಾಹ್ನ ನಾಲ್ಕು ಹೊಡೆದು ಸ್ವಲ್ಪ ಹೊತ್ತಾಗಿತ್ತು. ಸೂರ್ಯ ನನ್ನ ಎಡಕ್ಕಿದ್ದ. ಬಿಸಿಲು ಕಣ್ಣಿಗೆ ಹೊಡೆಯುತ್ತಿರಲಿಲ್ಲ. ನನ್ನ ಮತ್ತು ವೇದಿಕೆಯ ನಡುವೆ ಒಬ್ಬನೇ ಒಬ್ಬ ಮನುಷ್ಯನಿದ್ದ. ಅವನು ಕುಳಿತಿದ್ದ, ನಾನು ನಿಂತಿದ್ದೆ. ಕಂಡದ್ದನ್ನು ಕಂಡೆ ಎಂದು ಹೇಳುವ ಮೊದಲು ಇಷ್ಟನ್ನು ಹೇಳಲೇಬೇಕು. ಏಕೆಂದರೆ ಆಮೇಲೆ ಅನೇಕರು, ಬಯಲಿನಲ್ಲಿ ಇಲ್ಲದವರು ಕೂಡ, ತಾವು ಕಂಡದ್ದನ್ನು ಹೇಳಿದರು.

ಸರ್ಕಾರದ ರಸ್ತೆ ಮತ್ತು ಕಟ್ಟಡದ ಕೆಲಸಕ್ಕೆ ಕಿರಿಯ ಎಂಜಿನಿಯರನಾಗಿ ಸೇರಿದವನು ನಾನು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ತಿರುಗಿ ಈ ನಾಲ್ಕು ತಾಲೂಕುಗಳಲ್ಲೇ ನೌಕರಿ ಮುಗಿಸಿದೆ. ಈಗ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಆಗಾಗ ಮನೆಗೆ ಬರುತ್ತಾರೆ. ರಸ್ತೆ, ಸೇತುವೆ, ಶಾಲೆಯ ಕಟ್ಟಡಗಳ ವಿಷಯ ಕೇಳುತ್ತಾರೆ. ಅದನ್ನೆಲ್ಲ ಅವರು ಓದಿಯೇ ಬಂದಿರುತ್ತಾರೆ. ಕಾಲೇಜಿನಲ್ಲಿ ಯಾರೂ ಕಲಿಸದ ಇನ್ನೊಂದು ಕೆಲಸ ಇದೆ. ಗಣ್ಯರು ಬರುತ್ತಾರೆ ಎಂದರೆ ಅವರು ಇಳಿಯುವ ನೆಲ, ನಡೆಯುವ ದಾರಿ, ಹತ್ತುವ ವೇದಿಕೆ, ಜನರನ್ನು ತಡೆಯುವ ಬೇಲಿ, ಇದಿಷ್ಟೂ ಗಟ್ಟಿಯಾಗಿದೆ ಎಂದು ನಮ್ಮವನೊಬ್ಬ ಸಹಿ ಮಾಡಬೇಕು. ಸಹಿ ಮಾಡಿದವನು ಕಾರ್ಯಕ್ರಮ ಮುಗಿಯುವವರೆಗೆ ವೇದಿಕೆಯ ಪಕ್ಕ ನಿಂತಿರಬೇಕು. ನನ್ನ ಪಾಲಿಗೆ ಈ ಕೆಲಸ ಬಹಳ ಬಂತು. ನನ್ನ ಮೇಲಿನವರಿಗೆ ವೇದಿಕೆ ಎಂದರೆ ಭಯವಿತ್ತು. ನನಗೆ ಮೊದಮೊದಲು ಇರಲಿಲ್ಲ.

ನಾನು ಸೇರಿದಾಗ ವೇದಿಕೆಗೆ ಬೇಕಾದದ್ದು ಖಾಲಿ ಎಣ್ಣೆಯ ಬ್ಯಾರೆಲ್ಲುಗಳು, ಮೇಲೆ ಹಲಗೆ, ಹಲಗೆಯ ಮೇಲೆ ಜಮಖಾನೆ. ಆಮೇಲೆ ಟ್ರ್ಯಾಕ್ಟರಿನ ಟ್ರೇಲರ್ ಡಬ್ಬಿಗಳನ್ನು ಜೋಡಿಸಿ ನಿಲ್ಲಿಸುವುದು ಬಂತು. ಕೊನೆಗೆ ಕಬ್ಬಿಣದ ಪೈಪು ಮತ್ತು ಪ್ಲೈವುಡ್ ಬಂದವು. ಪರೀಕ್ಷೆಯೂ ಹಾಗೆಯೇ ಬದಲಾಯಿತು. ಬಾಗೇವಾಡಿಯಲ್ಲಿ ನನ್ನ ಮೊದಲ ಮೇಲಧಿಕಾರಿ ಲೆಕ್ಕದ ಕಾಗದವನ್ನು ಮುಟ್ಟುತ್ತಿರಲಿಲ್ಲ. ಪೇಟೆಗೆ ಜೀಪು ಕಳಿಸಿ ಮೂಟೆ ಹೊರುವ ಹಮಾಲರನ್ನು ತರಿಸಿ, ವೇದಿಕೆ ಹತ್ತಿಸಿ, ಕುಣಿಯಿರಿ ಎನ್ನುತ್ತಿದ್ದರು. ತಾವು ದೂರ ಒಂದು ಬೇವಿನ ನೆರಳಲ್ಲಿ ನಿಲ್ಲುತ್ತಿದ್ದರು. ಒಮ್ಮೆ ಒಬ್ಬ ಹಮಾಲ ಕುಣಿಯುವುದನ್ನು ನಿಲ್ಲಿಸಿ ಕೇಳಿದ: "ಸಾಹೇಬ್ರ, ಮಂತ್ರಿಗೋಳು ಬಂದು ಕುಣಿಯಾವ್ರೇನ್ರಿ?" ಸಾಹೇಬರು ನಗಲಿಲ್ಲ. "ಅವ್ರ ಹಿಂದ ಹತ್ತಾವ್ರು ಕುಣಿತಾರೋ. ನೀ ಕುಣಿ" ಎಂದರು. ಆಗ ನಾನು ನಕ್ಕಿದ್ದೆ. ಈಗ ಅನಿಸುತ್ತದೆ, ವೇದಿಕೆಯ ಬಗ್ಗೆ ನಾನು ಕೇಳಿದ ಸರಿಯಾದ ಮಾತು ಅದೊಂದೇ.

ಮರದ ವೇದಿಕೆ ಬೀಳುವ ಮೊದಲು ಸದ್ದು ಮಾಡುತ್ತದೆ. ಹಲಗೆ ಕಿರುಗುಟ್ಟುತ್ತದೆ, ಬ್ಯಾರೆಲ್ಲು ಡಬ್ ಎನ್ನುತ್ತದೆ. ಇಳಿಯಲು ಸ್ವಲ್ಪವಾದರೂ ಸಮಯ ಸಿಗುತ್ತದೆ. ಪೈಪಿನ ವೇದಿಕೆಯಲ್ಲಿ ಅದಿಲ್ಲ. ಎರೆಮಣ್ಣಿನಲ್ಲಿ ಒಂದು ಕಾಲು ತಗ್ಗಿದರೆ, ಅಥವಾ ಮೂಲೆಯಿಂದ ಮೂಲೆಗೆ ಬಿಗಿದ ಪೈಪಿನ ಒಂದು ಹಿಡಿಕೆ, ಅಂದರೆ ಕ್ಲಾಂಪು, ಜಾರಿದರೆ, ಇಡೀ ವೇದಿಕೆ ಪಕ್ಕಕ್ಕೆ ವಾಲುತ್ತದೆ. ಅದಕ್ಕೆ ಮುಂಚೆ ಯಾವ ಸದ್ದೂ ಬರುವುದಿಲ್ಲ. ಹೊಸಬರು ಬೇರೆ ಏನನ್ನು ಮರೆತರೂ ಇದನ್ನು ಮರೆಯಬೇಡಿ.

ಪೈಪಿನ ಕೆಲಸವನ್ನು ನಾನು ಕಲಿತದ್ದು ದಸ್ತಗೀರಸಾಬನ ಜೊತೆ. ಸಿಂದಗಿಯ ಪೆಂಡಾಲಿನವನು. ಅವನ ಅಪ್ಪ, ಅಜ್ಜ ಇಬ್ಬರೂ ಮದುವೆಯ ಹಂದರ ಹಾಕಿದವರು. ಎಲ್ಲ ಜಾತಿಯವರ ಮನೆಗೂ ಹಾಕಿದವರು. ನನಗಿಂತ ಎರಡು ಮೂರು ವರ್ಷ ದೊಡ್ಡವನು. ಮಾತು ಕಡಿಮೆ, ತಮಾಷೆ ಹೆಚ್ಚು. ಯಾವ ಪಕ್ಷದ ಸಭೆಯಾದರೂ ಅವನದೇ ಪೈಪು, ಬದಲಾಗುವುದು ಬಟ್ಟೆಯ ಬಣ್ಣ ಮಾತ್ರ. "ಗಲಗಲಿ ಸಾಹೇಬ್ರ, ಪೈಪಿಗೆ ಪಾರ್ಟಿ ಇಲ್ರಿ, ತೂಕ ಅಷ್ಟ ಗೊತ್ತೈತಿ" ಎಂದು ನನಗೆ ಹೇಳುತ್ತಿದ್ದ. ನಾನು ಕಾಗದದಲ್ಲಿ ಲೆಕ್ಕ ಹಾಕುತ್ತಿದ್ದೆ, ಅವನು ಪೈಪಿಗೆ ಕಿವಿ ಕೊಟ್ಟು ಬಡಿದು ನೋಡುತ್ತಿದ್ದ. ಇಬ್ಬರ ಉತ್ತರವೂ ಹೆಚ್ಚುಕಡಿಮೆ ಒಂದೇ ಬರುತ್ತಿತ್ತು. ಬರದಿದ್ದಾಗ ಕಡಿಮೆ ಬಂದದ್ದನ್ನು ಇಟ್ಟುಕೊಳ್ಳುತ್ತಿದ್ದೆವು.

ಇನ್ನು ದೊಡ್ಡವರ ವಿಷಯ. ಒಂದು ಕಾಲಕ್ಕೆ ಈ ದೇಶದ ಆಡಳಿತ ಅವರ ಕೈಯಲ್ಲಿತ್ತು. ಅವರ ಹೆಸರು ಇಲ್ಲಿ ಬೇಕಿಲ್ಲ. ನಮ್ಮ ಕಡೆಯ ಜನ ಅವರನ್ನು ದೊಡ್ಡವರು ಎನ್ನುತ್ತಿದ್ದರು, ನಾನೂ ಹಾಗೆಯೇ ಬರೆಯುತ್ತೇನೆ. ಉತ್ತರದ ಕಡೆಯವರು, ಹಿಂದಿ ಮಾತಾಡುವವರು. ಅವರನ್ನು ನಾನು ಮೊದಲು ನೋಡಿದ್ದು ಅಧಿಕಾರದಲ್ಲಿದ್ದಾಗ, ಮುದ್ದೇಬಿಹಾಳದ ಹತ್ತಿರ. ಒಂದು ಕಾಲುವೆಯ ಶಂಕುಸ್ಥಾಪನೆಗೆ ಹೆಲಿಕಾಪ್ಟರಿನಲ್ಲಿ ಬಂದಿದ್ದರು.

ಆ ದಿನ ನಮ್ಮವರದೊಂದು ಎಡವಟ್ಟಾಯಿತು. ಹೆಲಿಪ್ಯಾಡಿಗೆ ಗರಸು ಮಣ್ಣು ಹಾಕಿ, ಸುಣ್ಣದಲ್ಲಿ ಗುರುತು ಬರೆದು, ದೂಳು ಏಳದಿರಲೆಂದು ನೀರು ಹೊಡೆದಿದ್ದೆವು. ಹೆಲಿಕಾಪ್ಟರ್ ತಡವಾಯಿತು. ಮತ್ತೆ ನೀರು ಹೊಡೆಯೋಣ ಎಂದರೆ ಟ್ಯಾಂಕರನ್ನು ಪೊಲೀಸರು ಬೇಲಿಯ ಆಚೆ ನಿಲ್ಲಿಸಿದ್ದರು. ಒಳಗೆ ಬಿಡಲು ಅಪ್ಪಣೆ ಇಲ್ಲ ಎಂದರು. ನೆಲ ಒಣಗಿತು. ಹೆಲಿಕಾಪ್ಟರ್ ಹತ್ತಿರ ಬರುತ್ತಲೇ ದೂಳೆದ್ದು ಸುಣ್ಣ ಹಾರಿಹೋಯಿತು. ಪೈಲಟ್ ಬದಿಗೆ ತಿರುಗಿಸಿ ಪಕ್ಕದ ಕುಸುಬಿ ಹೊಲದಲ್ಲಿ ಇಳಿಸಿದ. ಕುಸುಬಿ ಎಂದರೆ ಮೈಯೆಲ್ಲ ಮುಳ್ಳು. ದೇಶ ನಡೆಸುವ ಮನುಷ್ಯ ಧೋತರದ ತುಂಬ ಮುಳ್ಳು ಚುಚ್ಚಿಕೊಂಡು ಹೊರಬಂದರು. ಅಧಿಕಾರಿಗಳೆಲ್ಲ ಈ ಕಡೆ ಇದ್ದದ್ದರಿಂದ ಅವರಿಗೆ ಎದುರಾದವನು ಹೊಲದ ಒಡೆಯ ಒಬ್ಬನೇ. ದೊಡ್ಡವರು ಅವನ ಜೊತೆ ಒಡ್ಡಿನ ಮೇಲೆ ನಿಂತು ಮಾತಾಡಿದರು. ನಮ್ಮವರು ಓಡಿಹೋಗುವಷ್ಟರಲ್ಲಿ ಅವನು ತನ್ನ ಹೊಲ ಕಾಲುವೆಗೆ ಹೋಗುತ್ತದೆ ಎಂಬುದನ್ನೂ, ಅಳತೆ ಮಾಡಲು ಬಂದವರು ತನ್ನನ್ನು ಕೇಳಲೇ ಇಲ್ಲ ಎಂಬುದನ್ನೂ ಹೇಳಿ ಮುಗಿಸಿದ್ದ.

ಆಮೇಲೆ ವೇದಿಕೆಯ ಮೇಲೆ ದೊಡ್ಡವರು ಇದನ್ನೇ ಹೇಳಿದರು. ನನ್ನನ್ನು ಇಳಿಸಬೇಕಾದಲ್ಲಿ ಇಳಿಸಿದ್ದರೆ ಈ ರೈತ ನನಗೆ ಸಿಗುತ್ತಿರಲಿಲ್ಲ, ಬೇಲಿ ತಪ್ಪಿ ಬಂದೆ, ಮನುಷ್ಯ ಸಿಕ್ಕ ಎಂದರು. ಜನ ಚಪ್ಪಾಳೆ ಹೊಡೆದರು. ವೇದಿಕೆಯ ಪಕ್ಕ ನಿಂತಿದ್ದ ನನಗೂ ಸಂತೋಷವಾಯಿತು. ಮೇಲಿನವರ ಬೈಗುಳಕ್ಕೆ ಕಾಯುತ್ತಿದ್ದವನಿಗೆ ಆ ಮಾತು ನೆರಳಿನಂತೆ ಬಂತು. ಆದರೂ ಶಂಕುಸ್ಥಾಪನೆ ನಡೆಯಿತು. ಆ ರೈತನ ಹೊಲವೂ ಹೋಯಿತು.

ಅಧಿಕಾರ ಹೋದ ಮೇಲೆ ದೊಡ್ಡವರು ನಮ್ಮ ಕಡೆ ಮತ್ತೆ ಬಂದರು. ಆ ಕಾಲುವೆಗೆ ಹೊಲ ಕೊಟ್ಟವರು ಹೋರಾಟ ಸಮಿತಿ ಕಟ್ಟಿಕೊಂಡಿದ್ದರು. ಕಾಲುವೆ ಅರ್ಧಕ್ಕೆ ನಿಂತಿತ್ತು, ನೀರು ಬಂದಿರಲಿಲ್ಲ, ಪರಿಹಾರ ಕೆಲವರಿಗೆ ಸಿಕ್ಕಿ ಹಲವರಿಗೆ ಸಿಕ್ಕಿರಲಿಲ್ಲ. ತಾವೇ ಕಲ್ಲು ಇಟ್ಟ ಕಾಲುವೆಯ ವಿರುದ್ಧ ತಾವೇ ನಡೆಯಲು ಬಂದ ಮನುಷ್ಯ ಎಂದು ಜನ ಬೆರಗಾದರು. ನಾನೂ ಬೆರಗಾದೆ. ಅದು ಸುಲಭದ ಮಾತಲ್ಲ, ಈಗಲೂ ಅದನ್ನು ಅಲ್ಲಗಳೆಯುವುದಿಲ್ಲ. ಅರವತ್ತು ದಾಟಿದ ದೇಹ, ಬೇಸಿಗೆಯ ಬಿಸಿಲು, ಸಿಂದಗಿಯಿಂದ ಇಂಡಿಯವರೆಗೆ ಕಾಲ್ನಡಿಗೆ. ಕಾಲಿನ ಗುಳ್ಳೆ ಒಡೆದದ್ದನ್ನು ನಾನೇ ನೋಡಿದ್ದೇನೆ.

ನಮ್ಮವರು ಅವರನ್ನು ನಡೆಸಿಕೊಂಡದ್ದನ್ನೂ ನೋಡಿದ್ದೇನೆ. ಒಂದು ಊರಿನಲ್ಲಿ, ಯಾವ ಊರು ಎಂದು ಬರೆಯುವುದಿಲ್ಲ, ಪ್ರವಾಸಿ ಮಂದಿರದ ಬಾಗಿಲಿಗೆ ಬಂದು ನೀರು ಕೇಳಿದರು. ನನ್ನ ಆಗಿನ ಮೇಲಧಿಕಾರಿ ಒಳಗಿದ್ದರು. ಕೋಣೆ ಖಾಲಿ ಇತ್ತು. ಕಾವಲುಗಾರ ಬಂದು, ದೊಡ್ಡವರು ಬಂದಾರ, ಬಾಗಿಲಾ ತೆಗೀಲ್ಯಾ ಎಂದು ಕೇಳಿದ. ಸಾಹೇಬರು, ಅವರು ಈಗ ಗಣ್ಯರ ಯಾವ ಪಟ್ಟಿಯಲ್ಲೂ ಇಲ್ಲ, ನೀರು ಕೊಟ್ಟು ಕಳಿಸು ಎಂದರು. ಇದೇ ಸಾಹೇಬರು ಹಿಂದೆ ಅವರ ಧೋತರದ ಕುಸುಬಿ ಮುಳ್ಳನ್ನು ಬಗ್ಗಿ ಆರಿಸಿ ತೆಗೆದವರು. ದೊಡ್ಡವರು ಕಟ್ಟೆಯ ಮೇಲೆ ಕುಳಿತು ನೀರು ಕುಡಿದು, ಕಾವಲುಗಾರನ ಮಕ್ಕಳು ಎಷ್ಟನೆಯ ಇಯತ್ತೆ ಎಂದು ವಿಚಾರಿಸಿ ಎದ್ದುಹೋದರು. ಅಂದಿನಿಂದ ನನಗೆ ಅವರ ಮೇಲೆ ಗೌರವ ಹೆಚ್ಚಿತು. ಮುಂದೆ ನಡೆದದ್ದು ನನ್ನನ್ನು ಇಷ್ಟು ಅಲ್ಲಾಡಿಸಿದ್ದು ಆ ಗೌರವದ ದೆಸೆಯಿಂದಲೇ. ಕೆಟ್ಟವನೊಬ್ಬ ಹಾಗೆ ಮಾಡಿದ್ದರೆ ಬರೆಯಲು ಏನಿತ್ತು?

ತಾಂಬಾದ ಸಭೆ ಆ ಹೋರಾಟದ್ದೇ. ಅಧಿಕಾರದಲ್ಲಿಲ್ಲದವರ ಸಭೆಗೆ ನಮ್ಮ ಇಲಾಖೆಯ ಸಹಿ ಬೇಕಿರಲಿಲ್ಲ, ಪೊಲೀಸರ ಅನುಮತಿ ಇದ್ದರೆ ಸಾಕಿತ್ತು. ತಮ್ಮ ಕಾವಲಿನವರನ್ನೂ ದೊಡ್ಡವರು ಬೇಡವೆಂದು ವಾಪಸು ಕಳಿಸಿದ್ದರು. ಹಾಗಾಗಿ ನಾನು ಕೆಲಸದ ಮೇಲೆ ಹೋದವನಲ್ಲ. ಹಿಂದಿನ ದಿನ ದಸ್ತಗೀರಸಾಬ ಫೋನು ಮಾಡಿದ್ದ. ಎರೆಮಣ್ಣಿನ ನೆಲ, ಹಿಂದಿನ ವಾರ ಅಕಾಲದ ಮಳೆ ಬಿದ್ದಿದೆ, ಸಮಿತಿಯವರು ಸಣ್ಣ ವೇದಿಕೆ ಸಾಕು ಎಂದಿದ್ದಾರೆ, ಭಾನುವಾರ ಹೇಗೂ ರಜೆ, ಒಮ್ಮೆ ಬಂದು ನೋಡಿ ಹೋಗಿ ಎಂದ. ಮೋಟಾರು ಸೈಕಲ್ಲಿನಲ್ಲಿ ಹೋದೆ.

ಇಬ್ಬರೂ ಸೇರಿ ನೋಡಿದೆವು. ಕಾಲುಗಳ ಕೆಳಗೆ ಅವನು ಹಲಗೆಯ ತುಂಡು ಕೊಟ್ಟಿದ್ದ. ಮೂಲೆಯ ಪೈಪುಗಳು ಬಿಗಿಯಾಗಿದ್ದವು. ನೆಲ ಮೇಲೆ ಒಣಗಿತ್ತು, ಕೋಲು ಚುಚ್ಚಿದರೆ ಒಳಗೆ ಹಸಿ. ಇಪ್ಪತ್ತು ಮಂದಿ ಕುಳಿತರೆ ಭಯವಿಲ್ಲ ಎಂದೆ. ಹದಿನೈದು ಎಂದ ಅವನು. ಹದಿನೈದನ್ನೇ ಇಟ್ಟುಕೊಂಡೆವು. ಸಮಿತಿಯ ಅಧ್ಯಕ್ಷನಿಗೆ ಅವನು ಅದನ್ನು ನನ್ನ ಎದುರಿಗೇ ಹೇಳಿದ. ಅಧ್ಯಕ್ಷ, ಆತು ಬಿಡಪಾ ಎಂದು ಹಾರದ ಬುಟ್ಟಿಯ ಕಡೆಗೆ ಹೋದ. ಎಡಗಡೆಯ ಏಣಿಯನ್ನು ದಸ್ತಗೀರಸಾಬ ಕಳಚಿಯೇ ಇಟ್ಟ. ಬಲಗಡೆಯ ಏಣಿಗೆ ಅಡ್ಡಲಾಗಿ ಹಗ್ಗ ಕಟ್ಟಿದ. ಹಗ್ಗದ ಪಕ್ಕ ಸಾಯಬಣ್ಣನನ್ನು ಕೂರಿಸಿದ. ಸಾಯಬಣ್ಣ ಸಿಂದಗಿ ಪೇಟೆಯ ಹಮಾಲ, ಬಾಗಿಲಿನಷ್ಟು ಅಗಲದ ಆಳು. ನಾನು ಮೊದಲು ಹೇಳಿದ, ನನ್ನ ಮತ್ತು ವೇದಿಕೆಯ ನಡುವಿನ ಒಬ್ಬ ಮನುಷ್ಯ ಇವನೇ.

ವೇದಿಕೆಯ ಕೆಳಗೆ ನೆರಳಿತ್ತು. ಬಟ್ಟೆ ಎತ್ತಿ ಅಲ್ಲಿ ಕೆಲವು ಮುದುಕಿಯರು ಕುಳಿತಿದ್ದರು. ದಸ್ತಗೀರಸಾಬ ಬಗ್ಗಿ ಅವರನ್ನು ಎಬ್ಬಿಸಲು ನೋಡಿದ. ಇಬ್ಬರು ಎದ್ದರು. ಕಾಶವ್ವ ಎಂಬಾಕೆ ಏಳಲಿಲ್ಲ. ತಾಂಬಾದವಳೇ, ಹೊಲ ಕಳೆದುಕೊಂಡವಳು. "ನಿನ್ನ ಹಂದರದಾಗ ನನ್ನ ಮದುವಿ ಆಗೇತೋ ದಸ್ತಗೀರ, ಈಗ ನೆರಳಿಗೆ ಕುಂದ್ರಾಕ ಕೊಡವಲ್ಲಿ?" ಎಂದಳು. ಹಂದರ ಹಾಕಿದ್ದು ಅವನ ಅಪ್ಪ. ಅವನು ನಕ್ಕು, "ಮತ್ತೊಂದ್ ಮದುವಿ ಮಾಡಿಕೋ ಯವ್ವಾ, ಪುಕ್ಕಟ ಹಾಕಿ ಕೊಡ್ತೇನಿ. ಈಗ ಏಳು" ಎಂದ. ಅಷ್ಟರಲ್ಲಿ ಜೀಪು ಬಂತು, ಜಯಕಾರ ಎದ್ದಿತು, ಅವನು ಆ ಕಡೆ ಓಡಿದ. ಕಾಶವ್ವ ಅಲ್ಲಿಯೇ ಉಳಿದಳು.

ದೊಡ್ಡವರು ಮಾತು ಶುರುಮಾಡಿ ಸ್ವಲ್ಪ ಹೊತ್ತಾಗಿತ್ತು. ಜನ ಬಿಸಿಲಿಗೆ ಮುಖ ಕೊಟ್ಟು ಕುಳಿತಿದ್ದರು, ಕೈ ಅಡ್ಡ ಹಿಡಿದಿದ್ದರು. ಅದನ್ನು ಕಂಡು ದೊಡ್ಡವರು ಮಾತು ನಿಲ್ಲಿಸಿದರು. ನಾನು ನೆರಳಲ್ಲಿ, ಹೊಲ ಕಳೆದುಕೊಂಡವರು ಬಿಸಿಲಲ್ಲಿ, ಇದು ಯಾವ ನ್ಯಾಯ ಎಂದರು. ಹೊಲ ಕೊಟ್ಟವರು ಮೇಲೆ ಬನ್ನಿ, ನನ್ನ ಪಕ್ಕ ಕುಳಿತುಕೊಳ್ಳಿ ಎಂದು ಕರೆದರು. ಹಿಂದಿ ನಮ್ಮ ಕಡೆ ಎಲ್ಲರಿಗೂ ಅಷ್ಟಿಷ್ಟು ತಿಳಿಯುತ್ತದೆ. ಜನ ಎದ್ದರು.

ಸಾಯಬಣ್ಣ ಹಗ್ಗ ಹಿಡಿದು ನಿಂತ. ದೊಡ್ಡವರು ಏಣಿಯ ತಲೆಗೆ ತಾವೇ ಬಂದರು. ಬೆನ್ನಿಗೆ ಮೈಕು ಹಿಡಿದ ಕಾರ್ಯಕರ್ತ. ದಸ್ತಗೀರಸಾಬ ಹಗ್ಗದ ಕೆಳಗೆ ನುಸುಳಿ ಏಣಿ ಹತ್ತಿದ, ಅವರ ಎದುರು ನಿಂತು ಕೈ ಮುಗಿದ. ನಾನು ಕೆಳಗಿದ್ದೆ, ಮಾತು ನನಗೆ ಕೇಳಿತು. ತನ್ನ ಮನೆಯಲ್ಲಿ ಆಡುವ ಹಿಂದಿಯಲ್ಲಿ ಹೇಳಿದ: ಸಾಹೇಬರೇ, ನೆಲ ಒಳಗೆ ಹಸಿ ಇದೆ, ಇದು ಹದಿನೈದು ಮಂದಿಗೆ ಕಟ್ಟಿದ ವೇದಿಕೆ, ಹೆಚ್ಚು ಮಂದಿ ಹತ್ತಿದರೆ ವಾಲುತ್ತದೆ, ಕೆಳಗೆ ಮುದುಕಿಯರೂ ಇದ್ದಾರೆ, ನೀವೇ ಕೆಳಗಿಳಿದು ಅವರ ನಡುವೆ ಕುಳಿತರೆ ಇದಕ್ಕಿಂತ ಚೆನ್ನ. ಇದನ್ನು ಎರಡು ಸಲ ಹೇಳಿದ. ಎರಡನೆಯ ಸಲ ದೊಡ್ಡವರು ಅವನ ಹೆಗಲ ಮೇಲೆ ಕೈ ಇಟ್ಟರು. ತಲೆಯಾಡಿಸಿದರು. ಆಮೇಲೆ ಮೈಕು ತೆಗೆದುಕೊಂಡು ಜನರ ಕಡೆಗೆ ತಿರುಗಿದರು.

"ಅಧಿಕಾರದಲ್ಲಿದ್ದಾಗಲೂ ನನಗೆ ಇದನ್ನೇ ಹೇಳಿದರು. ಅಪಾಯ ಇದೆ, ಜನರಿಂದ ದೂರ ಇರಿ ಎಂದರು. ಈಗಲೂ ಹಗ್ಗ ಕಟ್ಟಿ ಕೂತಿದ್ದಾರೆ. ಈ ಹಗ್ಗ ಬಿಚ್ಚಿ."

ಅವರು ಆಡಿದ್ದು ಹಿಂದಿಯಲ್ಲಿ. ಅರ್ಥ ಇಷ್ಟೇ, ಒಂದು ಮಾತನ್ನೂ ಹೆಚ್ಚು ಸೇರಿಸಿಲ್ಲ.

ಚಪ್ಪಾಳೆ ಬಿತ್ತು. ಜನರ ಸಿಟ್ಟು ದಸ್ತಗೀರಸಾಬನ ಮೇಲೆ ತಿರುಗಿತು. ಹಿಂದಿನಿಂದ ಒಬ್ಬ, "ಏ ಪೆಂಡಾಲದವ್ನ, ಇಳಿಯೋ ಕೆಳಗ, ಸರಕಾರದಾವ್ರು ಎಷ್ಟ ಕೊಟ್ಟಾರ ನಿನಗ?" ಎಂದ. ನಕ್ಕರು. ಹಗ್ಗ ಬಿಚ್ಚಿದವರು ಸಮಿತಿಯವರು. ಸಾಯಬಣ್ಣ ಅದರ ತುದಿಯನ್ನು ಇನ್ನೂ ಹಿಡಿದಿದ್ದ, ಕೈಯಿಂದ ಎಳೆದುಕೊಂಡರು. ಜನ ಹತ್ತಿದರು. ಎಷ್ಟು ಜನ ಎಂದು ಆಮೇಲೆ ನನ್ನನ್ನು ಬಹಳ ಮಂದಿ ಕೇಳಿದರು. ನಾನು ಹದಿನೈದರವರೆಗೆ ಎಣಿಸಿದೆ. ಆಮೇಲೆ ಎಣಿಸಲಿಲ್ಲ. ಬಗ್ಗಿ ಕಾಶವ್ವನನ್ನು ಕರೆಯುತ್ತಿದ್ದೆ.

ವೇದಿಕೆ ನನ್ನ ಕಡೆಗೆ ವಾಲಲಿಲ್ಲ, ಆಚೆಗೆ, ಉತ್ತರಕ್ಕೆ ವಾಲಿತು. ಸದ್ದಾದದ್ದು ಬಿದ್ದ ಮೇಲೆ. ದೂಳು ಇಳಿಯುವಷ್ಟರಲ್ಲಿ ದೊಡ್ಡವರನ್ನು ಅವರ ಜೊತೆಯವರು ಎತ್ತಿ ಜೀಪಿನಲ್ಲಿ ಕೂರಿಸಿದ್ದರು. ಮುಂಗೈ ಉಳುಕಿತ್ತು ಎಂದು ಆಮೇಲೆ ಓದಿದೆ. ಜೀಪು ಹೊರಟಾಗ ದಸ್ತಗೀರಸಾಬ ಪೈಪುಗಳ ಕೆಳಗಿದ್ದ. ಕೈಯಿಂದ ಹಿಡಿಕೆ ಬಿಚ್ಚಿ ಬಿಚ್ಚಿ ಜನರನ್ನು ಎಳೆಯುತ್ತಿದ್ದ. ಸಾಯಬಣ್ಣ ಹೆಗಲು ಕೊಟ್ಟು ಹಲಗೆ ಎತ್ತಿ ಹಿಡಿದಿದ್ದ. ಕೈಕಾಲು ಮುರಿದವರು ಹಲವರು. ಸತ್ತವಳು ಕಾಶವ್ವ ಒಬ್ಬಳೇ. ಅವಳನ್ನು ಹೊರಗೆ ತಂದು ಮಲಗಿಸಿದವನು ದಸ್ತಗೀರಸಾಬ. ಸಂಜೆ ಪೊಲೀಸರು ಅವನನ್ನು ಅಲ್ಲಿಂದಲೇ ಕರೆದೊಯ್ದರು. ಅಜಾಗರೂಕತೆಯಿಂದ ಕಟ್ಟಿ ಸಾವಿಗೆ ಕಾರಣನಾದ ಎಂದು ಅವನೊಬ್ಬನ ಮೇಲೆ ಕೇಸು.

ಎಲ್ಲರ ಕೈಯಲ್ಲೂ ಫೋನು ಇತ್ತು, ಚಿತ್ರಗಳೂ ಇದ್ದವು. ಅವೇ ಅವನಿಗೆ ಮುಳುವಾದವು. ಮೈಕಿನ ಮಾತು ಅವುಗಳಲ್ಲಿ ಇತ್ತು. ಕಿವಿಯ ಹತ್ತಿರ ಆಡಿದ ಮಾತು ಇರಲಿಲ್ಲ. ದೊಡ್ಡವರ ಎದುರು ಕೈ ಮುಗಿದು ನಿಂತ ದಸ್ತಗೀರಸಾಬ, ಅವನ ಹೆಗಲ ಮೇಲೆ ಅವರ ಕೈ. ನೋಡಿದವರಿಗೆ ಅವನು ಆಶೀರ್ವಾದ ಬೇಡುವವನಂತೆ ಕಾಣುತ್ತಾನೆ. ಎಚ್ಚರಿಕೆ ಹೇಳಿದವನಂತೆ ಕಾಣುವುದಿಲ್ಲ. ಹಗ್ಗ ಕಟ್ಟಿಸಿದವರು ಸರ್ಕಾರದವರು ಎಂದೇ ಅನೇಕರು ನಂಬಿದರು.

ನಾನು ಠಾಣೆಗೆ ಹೋಗಿ ಹೇಳಿಕೆ ಕೊಟ್ಟೆ. ಕರೆಯದೆ ಹೋದೆ. ಅಧಿಕಾರಿ ಎಲ್ಲವನ್ನೂ ಕೇಳಿ, "ನೀವು ಡ್ಯೂಟಿ ಮ್ಯಾಲ ಇದ್ದ್ರೇನ್ರಿ?" ಎಂದರು. ಇಲ್ಲ ಎಂದೆ. "ಮತ್ತ ನೀವು ಪ್ರೇಕ್ಷಕರು ಅಷ್ಟ" ಎಂದರು. ಸಾಯಬಣ್ಣ ಆರೋಪಿಯ ಆಳು, ಆದ್ದರಿಂದ ಅವನ ಮಾತಿಗೆ ತೂಕವಿಲ್ಲ. ಕಾಶವ್ವನ ಸೊಸೆ ಗೌರವ್ವ ಏಣಿ ಹತ್ತಲು ಹಗ್ಗದ ಬಳಿ ನಿಂತಿದ್ದವಳು, ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳು ಸತ್ತವಳ ಸಂಬಂಧಿ, ದುಃಖದಲ್ಲಿದ್ದಾಳೆ ಎಂದು ಬಿಟ್ಟರು. ಸಮಿತಿಯ ಅಧ್ಯಕ್ಷ ತನಗೆ ಯಾರೂ ಏನೂ ಹೇಳಿಲ್ಲ ಎಂದ, ಮೈಕು ಹಿಡಿದಿದ್ದ ಕಾರ್ಯಕರ್ತನೂ ಬಾಯಿ ಬಿಡಲಿಲ್ಲ. ಎರಡು ದಿನದ ಮೇಲೆ ನನ್ನ ಮೇಲಧಿಕಾರಿಯ ಫೋನು ಬಂತು. ಇಲಾಖೆಗೆ ಸಂಬಂಧವಿಲ್ಲದ ವೇದಿಕೆಗೆ ನೀವು ಯಾಕೆ ಹೋದಿರಿ, ಇಲಾಖೆಯನ್ನು ಯಾಕೆ ಎಳೆಯುತ್ತೀರಿ ಎಂದು ಕೇಳಿದರು. ಹೇಳಿಕೆ ಹಿಂದೆ ತೆಗೆದುಕೊಳ್ಳಲಿಲ್ಲ. ಅದರಿಂದ ದಸ್ತಗೀರಸಾಬನಿಗೆ ಆದ ಲಾಭವೂ ಏನಿಲ್ಲ.

ಹೀಗೆ ಅವನನ್ನು ಉಳಿಸುವ ಮಾತು ಒಬ್ಬರ ಬಾಯಿಯಲ್ಲಿ ಮಾತ್ರ ಉಳಿಯಿತು. ಅವನು ನನಗೆ ಹೇಳಿದ್ದ, ನಾನೇ ಕರೆದೆ, ಎಂದು ದೊಡ್ಡವರು ಒಂದು ಸಲ ಅಂದರೆ ಸಾಕಿತ್ತು. ದಸ್ತಗೀರಸಾಬ ಜಾಮೀನಿನ ಮೇಲೆ ಹೊರಬಂದ ಮೇಲೆ ನಾವಿಬ್ಬರೂ ಸೇರಿ ಅವರ ದೆಹಲಿಯ ವಿಳಾಸಕ್ಕೆ ಪತ್ರ ಬರೆದೆವು. ಸಭೆಯಲ್ಲಿ ನಡೆದ ದುರಂತಕ್ಕೆ ದುಃಖ ವ್ಯಕ್ತಪಡಿಸುವ ಅಚ್ಚಾದ ಕಾಗದ ಬಂತು.

ಮುಂದಿನ ಬೇಸಿಗೆಯಲ್ಲಿ ಅವರು ಮುದ್ದೇಬಿಹಾಳಕ್ಕೆ ಬಂದಾಗ ಇಬ್ಬರೂ ಹೋದೆವು. ಅವರು ಒಬ್ಬ ಕಾರ್ಯಕರ್ತರ ಮನೆಯ ಪಡಸಾಲೆಯಲ್ಲಿ ಚಾಪೆಯ ಮೇಲೆ ಕುಳಿತಿದ್ದರು. ನಮ್ಮನ್ನು ಕಂಡು ಗುರುತು ಹಿಡಿದರು. ದಸ್ತಗೀರಸಾಬನನ್ನು ಪಕ್ಕಕ್ಕೆ ಕೂರಿಸಿಕೊಂಡು ಮನೆಯವರ ಕ್ಷೇಮ ಕೇಳಿದರು. ಅವನು ಬಂದ ಕೆಲಸ ಹೇಳಿದ. ದೊಡ್ಡವರು, ಅಂದು ನೀವು ಏನೋ ಹೇಳಿದಿರಿ, ಗದ್ದಲದಲ್ಲಿ ನನಗೆ ಕೇಳಲಿಲ್ಲ ಎಂದರು.

ದಸ್ತಗೀರಸಾಬ ಹಿಂದಿ ಬಿಟ್ಟು ಕನ್ನಡದಲ್ಲೇ ಅಂದ, ನನ್ನ ಕಡೆಗೆ ನೋಡುತ್ತ: "ಕೇಳೇತಿ ಅಂತ ಹೇಳ್ರಿ ಸಾಹೇಬ್ರ. ನನ್ನ ಹೆಗಲ ಮ್ಯಾಲ ಕೈ ಇಟ್ಟಿದ್ರು. ಕೇಳಲಾರದವ್ರು ತಲಿ ಯಾಕ ಅಲ್ಲಾಡಿಸ್ತಾರ?"

ನಾನು ಹಿಂದಿಯಲ್ಲಿ ಹೇಳಿದೆ, ಇದ್ದದ್ದು ಇದ್ದಂತೆ. ದೊಡ್ಡವರ ಜೊತೆಗಿದ್ದ ಓದಿದ ಯುವಕನೊಬ್ಬ ಮಾತಾಡಿದ, ಸಭ್ಯನಾಗಿಯೇ ಮಾತಾಡಿದ. ಸರ್ ಈಗ ತಪ್ಪು ತಮ್ಮದು ಎಂದರೆ ಸರ್ಕಾರ ಅದನ್ನೇ ಹಿಡಿದು ಹೋರಾಟವನ್ನು ಮುರಿಯುತ್ತದೆ, ಸಾವಿರಾರು ಜನರ ಪರಿಹಾರ ನಿಲ್ಲುತ್ತದೆ, ನಿಮ್ಮ ಕೇಸಿಗೆ ಒಳ್ಳೆಯ ವಕೀಲರನ್ನು ಕೊಡುತ್ತೇವೆ ಎಂದ. ದೊಡ್ಡವರು ಅವನನ್ನು ತಡೆಯಲಿಲ್ಲ. ಚಾಪೆಯ ಅಂಚನ್ನು ನೋಡುತ್ತಿದ್ದರು.

"ವಕೀಲ ಅದಾರ್ರಿ ನನಗ" ಎಂದ ದಸ್ತಗೀರಸಾಬ. "ನಾ ಕೇಳಾಕ ಬಂದದ್ದು ಒಂದ ಮಾತು. ಕೊಡಾಕ ಆಗಂಗಿಲ್ಲ ಅಂದ್ರ ಹೋಗ್ತೇನಿ."

ಹೊರಗೆ ಬಂದು ಚಹಾದ ಅಂಗಡಿಯಲ್ಲಿ ಕುಳಿತೆವು. ಅವನು ಬೈಯಲಿಲ್ಲ. ದೊಡ್ಡವರು ನೆಲದ ಮೇಲೆ ಕುಳಿತಿದ್ದನ್ನು ನೆನೆದು ಇಷ್ಟೇ ಅಂದ: "ಅವತ್ತ ಹಿಂಗ ಕುಂತಿದ್ರ ಆಗ್ತಿತ್ತಲ್ರಿ." ನಾನು ಚಹಾ ಕುಡಿಯಲಿಲ್ಲ.

ತಾಂಬಾದ ನಂತರ ದೊಡ್ಡವರು ವೇದಿಕೆ ಹತ್ತಲಿಲ್ಲ. ಎಲ್ಲ ಊರುಗಳಲ್ಲೂ ಜನರ ನಡುವೆ ನೆಲದ ಮೇಲೆ ಕುಳಿತೇ ಮಾತಾಡಿದರು. ಪತ್ರಿಕೆಗಳು ಅದನ್ನು ಅವರ ಸರಳತೆ ಎಂದು ಬರೆದವು. ಲೇಖನಗಳು ಬಂದವು, ಸನ್ಮಾನಗಳೂ ಆದವು. ಅಧಿಕಾರ ಬಿಟ್ಟು ನೆಲಕ್ಕೆ ಇಳಿದ ನಾಯಕ ಎಂಬ ತಲೆಬರಹ ನಾನೇ ಓದಿದ್ದೇನೆ. ಕಾಲುವೆಗೆ ಹೊಲ ಕೊಟ್ಟವರಲ್ಲಿ ಹಲವರಿಗೆ ಪರಿಹಾರವೂ ಸಿಕ್ಕಿತು. ಅದು ದೊಡ್ಡವರ ಹೋರಾಟದಿಂದ ಸಿಕ್ಕಿದ್ದು, ಅದನ್ನು ಮುಚ್ಚಿಡುವುದಿಲ್ಲ. ಗೌರವ್ವನಿಗೂ ಸಿಕ್ಕಿತು.

ದಸ್ತಗೀರಸಾಬನನ್ನು ಯಾರೂ ಕೆಲಸಕ್ಕೆ ಕರೆಯದಾದರು. ಮದುವೆಯ ಹಂದರಕ್ಕೂ ಕರೆಯಲಿಲ್ಲ, ಹೆಣ ಬಿದ್ದ ಪೈಪು ಎಂದರು. ಪೈಪುಗಳನ್ನು ಗುಜರಿಯ ಮೋಡಕಾ ಅಂಗಡಿಗೆ ತೂಕಕ್ಕೆ ಹಾಕಿದ. ತಾರೀಖು ಇದ್ದಾಗಲೆಲ್ಲ ಸಿಂದಗಿಯಿಂದ ಬಸ್ಸಿನಲ್ಲಿ ಕೋರ್ಟಿಗೆ ಬರುತ್ತಿದ್ದ. ನಿವೃತ್ತನಾದ ಮೇಲೆ ನಾನೂ ಹೋಗುತ್ತಿದ್ದೆ. ಒಂದು ತಾರೀಖಿನಲ್ಲಿ ನನ್ನ ಸಾಕ್ಷಿ ಆಯಿತು. ದೊಡ್ಡವರಿಗೆ ಸಮನ್ಸು ಹೋಯಿತು. ಆರೋಗ್ಯ ಸರಿಯಿಲ್ಲ ಎಂಬ ಕಾಗದ ಬಂತು. ಮತ್ತೆ ಹೋಯಿತು, ಮತ್ತೆ ಬಂತು. ಆ ದಿನಗಳಲ್ಲೇ ಅವರು ಬೇರೆ ರಾಜ್ಯದಲ್ಲಿ ಕಾಲ್ನಡಿಗೆಯಲ್ಲಿದ್ದ ಚಿತ್ರವೂ ಪತ್ರಿಕೆಯಲ್ಲಿ ಬಂದಿತ್ತು. ತೀರ್ಪಿನ ಮೊದಲೇ ದಸ್ತಗೀರಸಾಬ ತೀರಿಕೊಂಡ. ಆರೋಪಿ ಸತ್ತರೆ ಕೇಸು ಮುಗಿಯುತ್ತದೆ. ತಪ್ಪು ಮಾಡಿದ ಎಂದೂ ಬರೆಯುವುದಿಲ್ಲ, ಮಾಡಲಿಲ್ಲ ಎಂದೂ ಬರೆಯುವುದಿಲ್ಲ. ಅವನ ಹೆಂಡತಿ ನನ್ನನ್ನು ಕೇಳಿದಳು: "ಅಣ್ಣಾರ, ಮತ್ತ ಮಂದಿಗೆ ನಾವು ಏನಂತ ಹೇಳೂದ್ರಿ?"

ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ನಾನು ಹೇಳುವುದು ಇಷ್ಟು. ವೇದಿಕೆ ಎಷ್ಟು ತೂಕ ತಡೆಯುತ್ತದೆ ಎಂಬುದನ್ನು ಏಣಿಯ ಬುಡದಲ್ಲಿ, ಮೈಕಿನಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿಸಿ. ಮರ್ಯಾದೆಗೆ ಅಂಜಿ ಕಿವಿಯ ಹತ್ತಿರ ಹೇಳಬೇಡಿ. ದಸ್ತಗೀರಸಾಬ ಅಷ್ಟು ದೊಡ್ಡ ಮನುಷ್ಯನಿಗೆ ಮಂದಿಯ ಎದುರು ಅಡ್ಡ ಮಾತಾಡಬಾರದು ಎಂದು ದನಿ ತಗ್ಗಿಸಿದ. ನಮ್ಮ ಕಡೆಯ ರೀತಿ ಅದು. ಅವನ ತಪ್ಪು ಎಂದು ಏನಾದರೂ ಇದ್ದರೆ ಅದೊಂದೇ.

ಅವನು ಆ ಮಾತನ್ನು ಎರಡು ಸಲ ಹೇಳಿದ್ದನ್ನೂ, ಅವರು ತಲೆಯಾಡಿಸಿದ್ದನ್ನೂ ಕಂಡು ಕೇಳಿದವರು ಹೆಚ್ಚಿಲ್ಲ. ಮೈಕು ಹಿಡಿದಿದ್ದ ಕಾರ್ಯಕರ್ತ ತೀರಿಕೊಂಡಿದ್ದಾನೆ. ಈಗ ಬದುಕಿರುವವರು ಇವರು. ಸಾಯಬಣ್ಣ, ಹಮಾಲ, ಸಿಂದಗಿ. ಬಲ ಹೆಗಲು ಏಳುವುದಿಲ್ಲ, ಮನೆಯಲ್ಲಿದ್ದಾನೆ. ಗೌರವ್ವ, ಕಾಶವ್ವನ ಸೊಸೆ, ತಾಂಬಾ. ಆಗ ಹಗ್ಗಕ್ಕೆ ಕೈ ಹಚ್ಚಿ ನಿಂತಿದ್ದಳು. ನಾನು. ಮತ್ತು ದೊಡ್ಡವರು, ದೆಹಲಿಯಲ್ಲಿದ್ದಾರೆ, ವಯಸ್ಸಾಗಿದೆ, ನೆನಪು ಇನ್ನೂ ಚುರುಕಾಗಿದೆ ಎಂದು ಮೊನ್ನೆ ಪತ್ರಿಕೆಯಲ್ಲಿ ಓದಿದೆ.